ಚಂದದ ಚಿತ್ರಗಳೇ ಬರುವ ಫೋನು

ಸಂಪಾಜೆಯ ಘಾಟಿ ಇಳಿಯುವ ಲಾರಿಗಳ ಬ್ರೇಕು ಕಿರುಗುಟ್ಟುವ ಸದ್ದಿಗೆ ಕುಮುದಿನಿಯ ಮನೆಯಲ್ಲಿ ಬೆಳಗಾಗುತ್ತದೆ. ಆ ಸೋಮವಾರ ಮಾತ್ರ ಬೆಳಗಾದದ್ದು ಅವಳ ಘೋಷಣೆಗೆ.

"ಇವತ್ತಿನಿಂದ ನನ್ನ ಮಗಳ ಕಣ್ಣಿಗೆ ಒಂದೇ ಒಂದು ಹೆದರಿಕೆಯ ಚಿತ್ರ ಬೀಳ್ಲಿಕ್ಕಿಲ್ಲ."

ಎಂಟು ವರ್ಷದ ಯಶಸ್ವಿ ಫೋನಿನಲ್ಲಿ ಯಾವುದೋ ಪ್ರೇತದ ವಿಡಿಯೋ ನೋಡಿ, ಮೂರು ದಿನದಿಂದ ಬಚ್ಚಲಿಗೂ ಒಬ್ಬಳೇ ಹೋಗುತ್ತಿರಲಿಲ್ಲ. ಕುಮುದಿನಿ ಹಟ ಹಿಡಿದು ಹುಡುಕಿ, ಮಕ್ಕಳ ಕಾವಲಿಗೆಂದೇ ಮಾಡಿದ ಒಂದು ಆ್ಯಪ್ ಹಾಕಿಕೊಂಡಳು. ಭಯದ ಚಿತ್ರಗಳನ್ನು ಅದು ಹೊಸ್ತಿಲಲ್ಲೇ ತಡೆಯುತ್ತದೆ ಎಂದು ಬರೆದಿತ್ತು. ಕೆಳಗೆ ಇನ್ನೂ ಏನೇನೋ ಬರೆದಿತ್ತು. ಅವಳು ಓದದೆ ಎಲ್ಲದಕ್ಕೂ 'ಸರಿ' ಒತ್ತಿದಳು. ಗಂಡ ಹರಿಪ್ರಸಾದನ ಫೋನನ್ನೂ ಬಿಡಲಿಲ್ಲ.

"ನಂಗೆ ನಲ್ವತ್ತೆರಡು ವರ್ಷ ಆಯ್ತು ಮಾರಾಯ್ತಿ. ನಂಗೆ ಯಾಕೆ ಮಕ್ಕಳ ಕಾವಲು?"

"ಅವಳು ಹಿಡಿಯುದು ನಿಮ್ಮ ಫೋನನ್ನೇ ಅಲ್ವಾ? ಚಾರ್ಜು ಇರುದು ಅದರಲ್ಲೇ."

ಎರಡೇ ದಿನದಲ್ಲಿ ಲೋಕ ಸುಧಾರಿಸಿತು. ಅಪಘಾತದ ಫೋಟೋ ಹಂಚುತ್ತಿದ್ದವರೆಲ್ಲ ಮಲ್ಲಿಗೆ ಹಂಚತೊಡಗಿದರು. ಯಾವತ್ತೂ ತನ್ನದೇ ಫೋಟೋ ಕಳಿಸುವ ಹರಿಪ್ರಸಾದನ ಸೋದರತ್ತೆ ಕೂಡ ಗುಲಾಬಿ ಕಳಿಸಿದಳು.

ಊರಿನಲ್ಲಿ ಆನೆಗೆಂದೇ ಒಂದು ವಾಟ್ಸ್ಆ್ಯಪ್ ಗುಂಪಿದೆ. ಕಾಡಾನೆ ಇವತ್ತು ಯಾರ ಜಾಗದಲ್ಲಿದೆ ಎಂದು ಬೆಳಗ್ಗೆ ತಿಳಿಸುವುದು ಅದರ ಕೆಲಸ. ಹಿಂದೊಮ್ಮೆ ಯಾರೋ ಮಬ್ಬಿನಲ್ಲಿ ಕೋಣವನ್ನು ಕಂಡು ಆನೆ ಎಂದು ಬರೆದು ಶಾಲೆಗೇ ರಜೆ ಕೊಡಿಸಿದ ಮೇಲೆ, ಬರೆಯುವುದು ಬೇಡ, ಫೋಟೋ ಹಾಕಿದರೆ ಸಾಕು ಎಂದು ನಿಯಮವಾಗಿತ್ತು. ಗುಂಪು ನಡೆಸುವ ನೆರೆಮನೆಯ ಉದಯ ಮಂಗಳವಾರ ಸೂರ್ಯಕಾಂತಿ ಕಳಿಸಿದ. ಬುಧವಾರ ತಾವರೆ.

"ಆನೆ ಕೊಡಗಿಗೆ ವಾಪಸ್ ಹೋಗಿರ್ಬೇಕು," ಎಂದಳು ಕುಮುದಿನಿ. "ಪಾಪ, ಉದಯ ಬೇರೆ ಕೆಲಸ ಇಲ್ಲದೆ ಹೂವು ಹಾಕ್ತಾ ಇದ್ದಾನೆ."

ಸುಮ್ಮನಿದ್ದರೆ ಚೆನ್ನಲ್ಲವೆಂದು ಗುಂಪಿನಲ್ಲಿ ಬರೆದಳು: "ಎಷ್ಟು ಚಂದ ಉಂಟು. ನಮ್ಮಲ್ಲಿಗೂ ಒಂದು ಕಳಿಸಿ."

ಉತ್ತರವಾಗಿ ಗುಂಪಿನಲ್ಲಿ ಯಾರೋ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಗುರುವಾರ ಮಗಳನ್ನು ಶಾಲೆಯ ಬಸ್ಸಿಗೆ ಬಿಡಲು ತಮ್ಮ ಬಾಳೆ ಹಿತ್ತಿಲಿನ ಕಾಲುದಾರಿಯಲ್ಲಿ ಹೋಗುತ್ತಿದ್ದಾಗ ಫೋನು ಸದ್ದು ಮಾಡಿತು. ಉದಯನಿಂದ ಸಂಪಿಗೆ. ಕುಮುದಿನಿ ಕೈಮುಗಿಯುವ ಗುರುತು ಒತ್ತಿ ತಲೆ ಎತ್ತಿದಳು.

ಇಪ್ಪತ್ತು ಮಾರು ದೂರದಲ್ಲಿ ಆನೆ ನಿಂತಿತ್ತು. ಗೊನೆ ಕಡಿಯಲು ವಾರವಷ್ಟೇ ಬಾಕಿಯಿದ್ದ ನೇಂದ್ರ ಬಾಳೆಯನ್ನು ಸಿಗಿದು, ಅವಸರವಿಲ್ಲದೆ ತಿರುಳು ತಿನ್ನುತ್ತಿತ್ತು.

ಮಗಳನ್ನು ಎಳೆದುಕೊಂಡು ಅವಳು ಪಂಪ್‌ಶೆಡ್ಡಿನ ಮರೆಗೆ ಸರಿದಳು. ನಿಯಮ ನಿಯಮವೇ. ಫೋಟೋ ತೆಗೆದು ಗುಂಪಿಗೆ ಹಾಕಿದಳು. ಅವಳ ಫೋನಿನಲ್ಲಿ ಮಾತ್ರ ಬಾಳೆಗಿಡಗಳ ನಡುವೆ ಒಂದು ದೊಡ್ಡ ದಾಸವಾಳ ಅರಳಿತ್ತು. ಇನ್ನೊಂದು ತೆಗೆದಳು. ಇನ್ನೊಂದು ದಾಸವಾಳ.

ಆಗ ಅರ್ಥವಾಯಿತು. ಆ್ಯಪ್ ಆನೆಯನ್ನು ತಡೆದಿರಲಿಲ್ಲ, ಅದರ ಮೇಲೆ ಹೂವು ಇಟ್ಟಿತ್ತು. ಸೂರ್ಯಕಾಂತಿ, ತಾವರೆ, ಸಂಪಿಗೆ ಎಲ್ಲಕ್ಕೂ ನಾಲ್ಕು ಕಾಲಿದ್ದವು.

ಉದಯನ ಕರೆ ಬಂತು.

"ಅಕ್ಕ, ನಿಮ್ಮ ಧೈರ್ಯ ಸಾಕು ಮಾರಾಯ್ರೆ. ಅಷ್ಟು ಹತ್ತಿರದಿಂದ ಎರಡೆರಡು ಫೋಟೋ ಬೇಡ. ಫಾರೆಸ್ಟಿನವರು ಬರ್ತಾ ಇದ್ದಾರೆ, ಮೆಲ್ಲ ಹಿಂದೆ ಹೋಗಿ."

"ಒಂದು ಮಾತು ಬಾಯಲ್ಲಿ ಹೇಳ್ಬಾರ್ದಾ ಉದಯ?" ಎಂದು ಅವಳು ಪಿಸುಗುಟ್ಟಿದಳು.

"ಮೂರು ದಿನದಿಂದ ಫೋಟೋ ಹಾಕ್ತಾ ಇದ್ದೇನೆ. ನಮ್ಮಲ್ಲಿಗೂ ಒಂದು ಕಳಿಸಿ ಅಂತ ಹೇಳಿದ್ದು ಯಾರು?"

ಕುಮುದಿನಿ ಫೋನಿಟ್ಟು, ಅಂಗೈಯಿಂದ ಮಗಳ ಕಣ್ಣು ಮುಚ್ಚಿದಳು. "ಹೆದರ್ಬೇಡ ಪುಟ್ಟಿ. ಅಲ್ಲಿ ಎಂತ ಇಲ್ಲ."

ಯಶಸ್ವಿ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಆನೆ ಉಂಟು. ಮೊನ್ನೆಯಿಂದ ಈ ಕಡೆಯೇ ಉಂಟು. ಶಾಲೆಯಲ್ಲಿ ಎಲ್ಲರಿಗೂ ಗೊತ್ತುಂಟು."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಹೆದರಿಕೆ ಆಗ್ತದೆ ಅಂತ. ಅದಕ್ಕೇ ಅಲ್ವಾ ನಾನು ನಿನ್ನ ಕೈ ಹಿಡ್ಕೊಂಡು ನಡೆಯುದು."

"ನಂಗಾ? ಹೆದರಿಕೆಯಾ?" ಕುಮುದಿನಿ ಸೆಟೆದು ನಿಂತಳು. "ನೋಡು ಯಶಸ್ವಿ, ಆ ಆ್ಯಪ್ ಹಾಕಿದ್ದು ನಿಂಗೋಸ್ಕರ. ನಾನು ಹುಟ್ಟಿದ್ದೇ ಈ ಕಾಡಿನ ಬುಡದಲ್ಲಿ, ಆನೆ ಗೀನೆ ಎಲ್ಲ ನಂಗೆ..."

ಶೆಡ್ಡಿನ ಆಚೆ ಒಂದು ಬಾಳೆ ಕರಕ್ಕೆಂದು ಮುರಿದು ಬಿತ್ತು. ಮಾತನ್ನು ಅಲ್ಲೇ ಬಿಟ್ಟು, ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕುಮುದಿನಿ ಮನೆಯ ಕಡೆ ನಡೆದಳು.