ಅಣಬೆ ಮಾಸ್ತರನ ಪಾಡು

ಎಂಬತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿ ಹಳ್ಳಿ ತಿರುಗಿ, ಭತ್ತದ ಹುಲ್ಲಿನಲ್ಲಿ ಅಣಬೆ ಬೆಳೆಯುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಜನ ‘ಅಣಬೆ ಮಾಸ್ತರು’ ಅನ್ನುತ್ತಿದ್ದರು. ಅಣಬೆಯಿಂದ ಆರೋಗ್ಯಕ್ಕೆ ಏನೇನು ಲಾಭ ಅಂತ ನಾನು ಒಂದು ಹೇಳಿದರೆ, ಕೇಳಿದವರ ಕಿವಿಗೆ ಇನ್ನೊಂದೇ ಹೋಗಿರುತ್ತಿತ್ತು.

ಮಾಂಸವೋ ಬೇಳೆಯೋ

ಸಾಗರದ ಹತ್ತಿರ, ಮಾಂಸ ಮುಟ್ಟದವರ ಒಂದು ಮನೆ. ಯಜಮಾನರಿಗೆ ಸಕ್ಕರೆ ಕಾಯಿಲೆ. "ಅಂಥವರಿಗೆ ಅಣಬೆ ಒಳ್ಳೆಯದು. ಮಾಂಸದಲ್ಲಿರುವ ಸತ್ವ ಇದರಲ್ಲೂ ಇದೆ" ಎಂದು ಕರಪತ್ರ ನೋಡಿ ಓದಿದೆ. ಅವರ ತಾಯಿ ಎದ್ದು ಬಂದು, ಜಗಲಿಯ ಮೇಲಿದ್ದ ನನ್ನ ಅಣಬೆ ಬುಟ್ಟಿಯನ್ನು ಕೋಲಿನಿಂದ ತಳ್ಳಿ ಅಂಗಳಕ್ಕೆ ಇಳಿಸಿದರು. ನಾನೂ ಇಳಿಯುವುದೇ ಒಳ್ಳೆಯದೆನಿಸಿ ಚಪ್ಪಲಿ ಮೆಟ್ಟಿಕೊಂಡೆ. ಯಜಮಾನರು ಹಿಂದೆಯೇ ಬಂದು, "ಬುಟ್ಟಿ ತಗಂಡು ಹಿತ್ಲ ಬಾಗ್ಲಿಗೆ ಬನ್ನಿ" ಎಂದು ಪಿಸುಗುಟ್ಟಿದರು.

ಹಿತ್ತಲ ಬಾಗಿಲು ತೆಗೆದವರು ಅದೇ ತಾಯಿ. ಕೈಯಲ್ಲಿ ನಾನು ಜಗಲಿಯಲ್ಲೇ ಬಿಟ್ಟು ಬಂದಿದ್ದ ಕರಪತ್ರ.

"‘ಬೇಳೆಯ ಸತ್ವ ಇದ್ದು’ ಹೇಳಿ ಓದಿದ್ರೆ ಎಂಗೊ ಎಲ್ಲರೂ ತಿಂತಿದ್ಯ. ‘ಮಾಂಸ’ ಹೇಳದನ್ನ ಹೊಡೆದು ಹಾಕಿ, ‘ಬೇಳೆ’ ಹೇಳಿ ಬರೆದುಕೊಡು."

ಎಲ್ಲೂ ಹೋಗದ ಸತ್ವ

ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ತುಂಬಿದ ಅಣಬೆ ಚೀಲ ತೂಗುಹಾಕಿದ್ದರು. ಹದಿನೈದು ದಿನ ಬಿಟ್ಟು ಹೋದರೆ ಬರೀ ದಾರ ನೇತಾಡುತ್ತಿದೆ.

"ಎಮ್ಮೆ ಹಗ್ಗ ಹರ್ಕೊಂಡು ಬಂದು, ಅಣಬೆ, ಹುಲ್ಲು ಎಲ್ಲಾ ತಿಂತು ಸಾರ್."

ನಾನು ಸಪ್ಪಗೆ ಕೂತೆ. ಗೌಡರು ದೊಡ್ಡ ಲೋಟದಲ್ಲಿ ಹಾಲು ತಂದು ಮುಂದಿಟ್ಟರು.

"ಬೇಜಾರ್ ಮಾಡ್ಕೋಬೇಡಿ. ನೀವು ಹೇಳಿದ ಸತ್ವ ಎಲ್ಲೂ ಹೋಗಿಲ್ಲ. ಇದ್ರಲ್ಲೇ ಇದೆ, ಕುಡೀರಿ."

ಹಿನ್ನೀರಿನ ಮೇಲೆ

ಸಿಗಂದೂರಿನ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಅಣಬೆ ಪಲ್ಯ ಮಾಡಿ ತೋರಿಸಿದೆ. ಹಿಂದೆ ಯಾರೋ ಕಾಡಿನ ವಿಷದ ಅಣಬೆ ತಿಂದು ಸಾಯುವ ಹಾಗಾಗಿದ್ದರಂತೆ. ಒಬ್ಬರೂ ತಟ್ಟೆ ಮುಟ್ಟಲಿಲ್ಲ.

"ಮೊದ್ಲು ನೀವು ತಿನ್ನಿ. ಒಂದು ಗಂಟೆ ನೋಡ್ತೀವಿ" ಎಂದರು ಊರಿನ ಹಿರಿಯರೊಬ್ಬರು.

ಇಲ್ಲಿ ನಾನು ಹಿಂಜರಿದರೆ ಆ ಸೀಮೆಯಲ್ಲೇ ಯಾರೂ ಅಣಬೆ ಬೆಳೆಯುವುದಿಲ್ಲ ಅಂತ ಎರಡು ತಟ್ಟೆ ಪಲ್ಯ, ಮೇಲೆ ಅಷ್ಟೇ ಅನ್ನ ಹೊಡೆದೆ. ನಸುಕಿನಲ್ಲೇ ಎದ್ದು ಮೊದಲ ಬಸ್ಸು ಹಿಡಿದು, ಲಾಂಚಿನಲ್ಲಿ ಹಿನ್ನೀರು ದಾಟಿ ಬಂದಿದ್ದವನು. ಗೋಡೆಗೆ ಒರಗಿದ್ದಷ್ಟೇ ನೆನಪು.

ಕಣ್ಣು ಬಿಟ್ಟರೆ ಸುತ್ತಲೂ ನೀರು. ಲಾಂಚಿನಲ್ಲಿ ಕಂಬಳಿ ಹಾಸಿ ನನ್ನನ್ನು ಮಲಗಿಸಿದ್ದಾರೆ. ಎಷ್ಟು ಕೂಗಿದರೂ ಏಳದ್ದಕ್ಕೆ ವಿಷವೇರಿತು ಎಂದುಕೊಂಡು, ನಾಲ್ಕು ಜನ ಹೊತ್ತು ಸಾಗರದ ಆಸ್ಪತ್ರೆಗೆ ಹೊರಟಿದ್ದರು. ಆ ಹಿರಿಯರು ನನ್ನ ನಾಡಿ ಹಿಡಿದು ಕೂತಿದ್ದರು.

"ಹೊಟ್ಟೆ ಉರಿತಾ ಇದ್ಯಾ?"

"ಇಲ್ಲ. ನಿದ್ದೆ ಬಂದಿತ್ತು, ಅಷ್ಟೆ."

"ಊರೆಲ್ಲ ಕೂಗಿದ್ರೂ ಎಚ್ಚರ ಆಗದಷ್ಟು ನಿದ್ದೆಯಾ?"

"ಹೌದು" ಎಂದೆ, ನಾಚಿಕೆಯಿಂದ.

ಅವರು ಕೈ ಬಿಟ್ಟು, ದಡ ಸೇರುವ ತನಕ ನನಗೆ ಬೆನ್ನು ಹಾಕಿ ಕೂತರು. ಇನ್ನು ಈ ಕಡೆ ಅಣಬೆಯ ಕಥೆ ಮುಗಿಯಿತು ಅಂದುಕೊಂಡೆ. ಇಳಿದ ಮೇಲೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

"ಮಾಸ್ತ್ರೆ, ನಂಗೆ ಸರಿಯಾಗಿ ನಿದ್ದೆ ಬಂದು ಎರಡು ವರ್ಷ ಆತು. ಉಳಿದ ಪಲ್ಯ ಇವತ್ತೇ ನಾನು ತಿಂತೀನಿ. ನಾಳೆ ನಾನು ಏಳದಿದ್ರೆ ಅದು ಬರೀ ನಿದ್ದೆ, ಲಾಂಚ್ ಹತ್ತಿಸೋದು ಬೇಡ ಅಂತ ನಮ್ಮನೆಯವ್ರಿಗೆ ಒಂದು ಚೀಟಿ ಬರ್ದುಕೊಡಿ."