ಗಿಡ ತೂಗುವ ಕೆಲಸ

ದಿನವೆಲ್ಲಾ ಗಿಡಗಳ ಜೊತೆ ಇರುವವನಿಗೆ ನಗುವ ಪ್ರಸಂಗಗಳು ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಬರುತ್ತವೆ, ಹುಡುಕಿಕೊಂಡೇ ಬರುತ್ತವೆ. ನಗುವಾಗ ಪಕ್ಕದಲ್ಲಿ ಇನ್ನೊಬ್ಬರು ಇರುವುದಿಲ್ಲ, ಅಷ್ಟೇ.

ತೆಲಂಗಾಣ ಬೇರೆ ರಾಜ್ಯವಾದ ಮೇಲೆ ಅದರ ಕನ್ನಡ ಗಡಿಯ ನಮ್ಮ ಕಡೆ ಹೊಸ ಕಚೇರಿಗಳು, ಹೊಸ ರಸ್ತೆಗಳು ಬಂದವು. ಮಳೆನೀರು ಮೋರಿಗೆ ಓಡದೆ ನೆಲಕ್ಕಿಳಿಯಲಿ ಅಂತ ಅವುಗಳ ಬದಿಗೆ ತಗ್ಗು ತೋಡಿ ಗಿಡ ನೆಟ್ಟರು. ಆ ಗಿಡಗಳು ಎಲೆಯಿಂದ ಗಾಳಿಗೆ ಎಷ್ಟು ನೀರು ಬಿಡುತ್ತವೆ ಅಂತ ಅಳೆಯುವುದು ನನ್ನ ಕೆಲಸ. ತಗ್ಗಿನಲ್ಲಿ ಅದೇ ಗಿಡ ನೆಟ್ಟ ಬಕೆಟ್ಟುಗಳಿರುತ್ತಿದ್ದವು, ಮಣ್ಣಿನ ನೀರು ಆರದಂತೆ ಪ್ಲಾಸ್ಟಿಕ್ ಹೊದಿಸಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಕಾಂಟಾದ ಮೇಲಿಟ್ಟು ತೂಗಬೇಕು. ಇಳಿದ ತೂಕವೇ ಎಲೆಯಿಂದ ಹೋದ ನೀರು. ಉಳಿದ ಹೊತ್ತಿಗೆ ಬಾಡಿಗೆ ಕೋಣೆ ಇತ್ತು.

೧. ಮಕ್ತಲ್

ಮೂರು ದಿನ ತೂಕ ಇಳಿಯಿತು. ನಾಲ್ಕನೆಯ ದಿನದಿಂದ ಏರತೊಡಗಿತು. ಮಳೆ ಇಲ್ಲ, ಮೋಡವೂ ಇಲ್ಲ. ಕಾಂಟಾದ ಸೆಲ್ ಬದಲಿಸಿದೆ, ಇಟ್ಟಂಗಿ ಇಟ್ಟು ತೂಗಿ ನೋಡಿದೆ. ಹೈದರಾಬಾದಿನ ಸಾಹೇಬರು ಫೋನಿನಲ್ಲಿ, ಅಲ್ಲಿ ಮಂಜು ಬೀಳುತ್ತದೆಯೇ ಅಂತ ಕೇಳಿದರು. ಮಕ್ತಲ್‌ನಲ್ಲಿ, ನಡು ಬೇಸಿಗೆಯಲ್ಲಿ.

ಕೊನೆಗೆ ಕಚೇರಿಯ ಕಾವಲುಗಾರ ಪ್ಲಾಸ್ಟಿಕ್ ಸರಿಸಿ ಚೆಂಬಿನಿಂದ ಬಕೆಟ್ಟಿಗೆ ನೀರು ಹೊಯ್ಯುವಾಗ ಸಿಕ್ಕಿಬಿದ್ದ. "ದಿನಾ ಕಾಂಟಾ ನೋಡಿ 'ಕಡಿಮಿ ಆತು' ಅಂತಿದ್ರಿ. ಒಬ್ರೇ ಇರ್ತೀರಿ, ಮಾರಿ ಸಪ್ಪಗ ಮಾಡ್ಕೊಂಡು. ನೋಡಾಕ ಆಗಲಿಲ್ರಿ ಸರ," ಅಂದ.

ಕಡಿಮೆಯಾಗುವುದೇ ನನಗೆ ಬೇಕಾದದ್ದು ಅಂತ ಬಿಡಿಸಿ ಹೇಳಿದೆ. ಅವನು ಸ್ವಲ್ಪ ಯೋಚಿಸಿದ.

"ಹಂಗಾದ್ರ ನಾಳಿಂದ ಒಂದೊಂದು ಚೆಂಬು ತೆಗೀಲೇನ್ರಿ?"

೨. ನಾರಾಯಣಪೇಟ

ಚಹಾ ಕುಡಿದು ಬರುವಷ್ಟರಲ್ಲಿ ಮೂರು ಬಕೆಟ್ಟುಗಳಲ್ಲಿ ಬರೀ ಬೇರು ಉಳಿದಿತ್ತು. ಪಕ್ಕದಲ್ಲಿ ಕುರಿ ಹಿಂಡು, ಅಲ್ಲೇ ಹತ್ತಿರದ ಮದ್ದೂರು ಅನ್ನೋ ಊರಿನ ಕುರುಬ ಅಜ್ಜ. ಒಂದು ತಿಂಗಳ ದುಡಿಮೆ ಹೋಯಿತು ಅಂತ ನಾನು ನೆಲದ ಮೇಲೇ ಕೂತೆ. ಅಜ್ಜ ತನ್ನ ಮನೆದೇವರು ಬೀರಪ್ಪನ ಆಣೆ ಇಟ್ಟು, ತಾನು ನೋಡಲಿಲ್ಲ ಅಂದ. ಆಮೇಲೆ ನನ್ನೆದುರು ಕೂತು ಕೆಲಸದ ವಿಷಯವನ್ನೆಲ್ಲ ಸಮಾಧಾನವಾಗಿ ಕೇಳಿದ. ಆ ಊರಲ್ಲಿ ಅಷ್ಟು ಹೊತ್ತು ಯಾರೂ ನನ್ನ ಮಾತು ಕೇಳಿರಲಿಲ್ಲ.

ಕೇಳಿ ಮುಗಿಸಿ ಒಂದು ಕುರಿಯನ್ನು ಎತ್ತಿ ಕಾಂಟಾದ ಮೇಲೆ ನಿಲ್ಲಿಸಿದ. ಹೋದದ್ದು ಇದರ ಹೊಟ್ಟೆಯಲ್ಲೇ ಐತಿ, ತೂಗಿ ಬರೆದುಕೊಳ್ಳಿರಿ ಅಂದ. ತಿನ್ನುವ ಮೊದಲಿನ ತೂಕ ಗೊತ್ತಿಲ್ಲವಲ್ಲ ಅಂದೆ. ಅಜ್ಜನಿಗೆ ಅದು ನ್ಯಾಯ ಅನಿಸಿತು.

"ಖರೇ ಐತಿ. ನಾಳೆ ಮೊದಲು ತೂಗಸ್ತೀನಿ, ಆಮ್ಯಾಲ ಮೇಯಸ್ತೀನಿ ಬಿಡ್ರಿ."

೩. ಗದ್ವಾಲ

ಗದ್ವಾಲದ ತಗ್ಗಿನಲ್ಲಿ ಲಾವಂಚದ ಹುಲ್ಲು ನೆಟ್ಟಿದ್ದರು. ಅಷ್ಟರಲ್ಲಿ ನನಗೆ ತೂಕ ಬರೆಯುತ್ತಾ ಬಕೆಟ್ಟಿನ ಜೊತೆ ಜೋರಾಗಿ ಮಾತಾಡುವ ಚಟ ಹತ್ತಿತ್ತು. "ಇವತ್ತೂ ಇನ್ನೂರು ಗ್ರಾಂ ಇಳಿದೀ. ಹಿಂಗಾದ್ರ ಹ್ಯಾಂಗ? ಇನ್ನೆರಡು ದಿನ ತಡಕೋ, ನೀರು ಕೊಡ್ತೀನಿ." ದಿನವಿಡೀ ನಾನಾಡಿದ ಮಾತು ಕೆಲವೊಮ್ಮೆ ಅಷ್ಟೇ ಇರುತ್ತಿತ್ತು.

ಒಂದು ಮುಂಜಾನೆ ಎದುರು ಮನೆಯ ಮುದುಕಿ ಬುತ್ತಿ ಹಿಡಿದು ಬಂದರು. ದಿನಾ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರಂತೆ. ನಾನು ದವಾಖಾನೆಯಲ್ಲಿರುವ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತೇನೆ, ಡಾಕ್ಟರು ಆಕೆಗೆ ನೀರನ್ನೂ ಕೊಡುತ್ತಿಲ್ಲ ಅಂತ ತಿಳಿದಿದ್ದರು. ಆಕೆಗೆ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು.

ನನಗೆ ಹೆಂಡತಿ ಇಲ್ಲ ಅಂದೆ.

"ಮತ್ತ ಮಾತಾಡಿದ್ದು ಯಾರ ಜೋಡಿ?"

"ಲಾವಂಚದ ಜೋಡಿ."

"ಹೆಸರು ಚಲೋ ಐತಿ. ಯಾವೂರಾಕಿ?"

ನಾಚಿಕೆಯಿಂದ ಬಕೆಟ್ಟು ತೋರಿಸಿದೆ. ಅವರು ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು, ನಗಲಿಲ್ಲ. "ಇದು ಹಸಿರಾಗೇ ಐತಿ ತಮ್ಮಾ. ಒಣಗಿದಾವ ನೀನು. ಕೂಡು, ಉಣ್ಣು," ಅಂದು ಬುತ್ತಿ ಬಿಚ್ಚಿದರು.

ಯಾರಾದರೂ ಎದುರು ಕೂತು ಉಣ್ಣಿಸಿ ವರ್ಷಗಳಾಗಿದ್ದವು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಮುದುಕಿ ಬಕೆಟ್ಟಿನ ಕಡೆ ತಿರುಗಿ ಮೆಲ್ಲಗೆ ಕೇಳಿದ್ದು ಕೇಳಿಸಿತು:

"ದಿನಾ ಇವನ ಮಾತು ಕೇಳಿ ಕೇಳೇ ಇಳೀಲಾಕ ಹತ್ತೀಯೇನವ್ವಾ?"