ಕಾಮ ಬಿಟ್ಟ ಕಸ್ತೂರಿ

ಅಕ್ಕನ ಮನೆಗೆ ಹೊರಟಾಗ ಹೆಂಡತಿ ಟೈಲರಿಗೆ ಹೇಳಿದ್ದು ಒಂದೇ ಮಾತು: "ಉಪ್ಪಿನಕಾಯಿ ಜಾಡಿ ಮುಟ್ಟಬೇಡಿ. ನಿಮ್ಮ ಬಾಯಿ ತಡ್ಯಲ್ಲ." ಟೈಲರು ಜಾಡಿಯ ತಳ ಕಂಡರು. ಈಗ ಬಾಯಿ ತುಂಬ ಹುಣ್ಣು, ಸಂಜೆ ಬಸ್ಸಿಗೆ ಹೆಂಡತಿ ವಾಪಸು.

ಬೇರು-ಬೀಜದ ಔಷಧಿ ಮಾರುವ ಗ್ರಂಧಿಗೆ ಅಂಗಡಿಯವನು ಫೋನಿನಲ್ಲಿ ಮದ್ದು ಹೇಳಿದ. "ಕಾಮಕಸ್ತೂರಿ ಬೀಜ ನೆನೆಸಿ ಕುಡೀರಿ ಸಾರ್, ತಂಪು. ನನ್ನ ಹತ್ರ ಮುಗಿದಿದೆ, ಹುಡುಕಿ ತರಿಸ್ತೀನಿ."

ಮದ್ದೇನೋ ಸರಿ, ಹೆಸರೇ ಕಷ್ಟ. ಟೈಲರು ಹೆಂಗಸರ ಅಳತೆಯನ್ನೂ ಗೋಡೆ ನೋಡಿಕೊಂಡು ತೆಗೆಯುವ ಸಂಕೋಚದ ಮನುಷ್ಯ. ಆ ಹೆಸರಿನ ಮೊದಲರ್ಧ ಅವರ ನಾಲಿಗೆಗೆ ಬರುವುದುಂಟೇ? ಕತ್ತರಿ ಕೈಯಲ್ಲೇ ಇತ್ತು, ಹೆಸರನ್ನೂ ಕತ್ತರಿಸಿದರು. ಮಧ್ಯಾಹ್ನ ಮತ್ತೆ ಫೋನು ಮಾಡಿ ಪಿಸುಗುಟ್ಟಿದರು: "ಕಸ್ತೂರಿ ಸಿಕ್ಕಿದ್ರೆ ಬೇಗ ಕಳಿಸಪ್ಪ. ಹೆಂಡ್ತಿ ಬರೋದ್ರೊಳಗೆ ಎಲ್ಲಾ ಮುಗೀಬೇಕು."

ಹೊಲಿಯಲು ಕೊಟ್ಟ ಅಂಗಿ ಕೇಳಲು ಬಂದಿದ್ದ ಪಕ್ಕದ ಮನೆ ಅತ್ತೆಮ್ಮ ಬಾಗಿಲಲ್ಲೇ ನಿಂತಿದ್ದರು. ಅಂಗಿ ಮರೆತೇಹೋಯಿತು.

"ಯಾರ್ರೀ ಅದು ಕಸ್ತೂರಿ?"

"ಅದು... ಔಷಧಿ ಅತ್ತೆಮ್ಮ."

"ಹೂಂ, ಈ ವಯಸ್ಸಲ್ಲಿ ಹಾಗೇ ಅನ್ಸುತ್ತೆ!"

ಸ್ವಲ್ಪ ಹೊತ್ತಿಗೆಲ್ಲ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ಬಾಗಿಲು ಮುಂದೆ ಮಾಡಿದರು. "ತಲೆ ನರೆತ ಮೇಲೆ ಇದೆಲ್ಲಾ ಬೇಕೇನ್ರೀ?"

"ಅದಕ್ಕೆ ಪೂರ್ತಿ ಹೆಸರು ಬೇರೆ ಇದೆ ಸಾರ್." ಟೈಲರು ಬೆವರುತ್ತ ಅವರ ಕಿವಿಯಲ್ಲಿ "ಕಾಮ" ಎಂದು, ನಾಚಿ, ಉಸಿರೆಳೆದುಕೊಂಡು, "ಕಸ್ತೂರಿ" ಎಂದರು.

ಮೇಷ್ಟ್ರು ಚೇಳು ಕುಟುಕಿದವರಂತೆ ಹಿಂದೆ ಹಾರಿದರು. "ಅಯ್ಯಯ್ಯೋ! ಅಡ್ಡಹೆಸರು ಬೇರೆ ಇಟ್ಟಿದ್ದೀರಾ!"

ಸಂಜೆ ಹೆಂಡತಿ ಚೀಲ ಕೆಳಗಿಡುವ ಮೊದಲೇ ಬೀದಿಯೆಲ್ಲ ಒಳಗಿತ್ತು. "ಧೈರ್ಯ ತಂದ್ಕೊಳಮ್ಮ," ಎಂದು ಅತ್ತೆಮ್ಮ ಶುರುಮಾಡಿ, ಒಂದಕ್ಕೆರಡು ಸೇರಿಸಿ ಹೇಳಿ ಮುಗಿಸುವಷ್ಟರಲ್ಲಿ ಅಂಗಡಿಯವನೇ ಪೊಟ್ಟಣ ಹಿಡಿದು ಬಂದ.

"ಸಾರ್, ಕಾಮಕಸ್ತೂರಿ ಬೀಜ! ಊರೆಲ್ಲಾ ಹುಡುಕಿದ್ರೂ ಇಷ್ಟೇ ಸಿಕ್ಕಿದ್ದು."

ಟೈಲರಿಗೆ ಹೋದ ಜೀವ ಬಂತು. ಎಲ್ಲರ ಮುಂದೆಯೇ ಬೀಜವನ್ನೆಲ್ಲ ಲೋಟದ ನೀರಿಗೆ ಸುರಿದು, ಅದು ಉಬ್ಬುವುದನ್ನು ತೋರಿಸಿದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇವರಿಗೆ ಕಸ್ತೂರಿಯಾ? ಮದುವೆ ದಿನ ನನ್ನ ಮುಖವನ್ನೇ ನೋಡಿರಲಿಲ್ಲ!" ಅತ್ತೆಮ್ಮ, ಮೇಷ್ಟ್ರು ಸಪ್ಪೆ ಮುಖ ಹೊತ್ತು ಮನೆಗೆ ಹೋದರು.

ಆಮೇಲೆ ಹೆಂಡತಿಯ ನಗು ನಿಂತಿತು. "ಅಲ್ಲಾ, ಈ ಬೀಜ ಯಾತಕ್ಕೆ ಕುಡೀತಾರೆ?"

"ಬಾಯಿಹುಣ್ಣಿಗಮ್ಮಾ," ಎಂದ ಅಂಗಡಿಯವನು, ವ್ಯಾಪಾರದ ಉತ್ಸಾಹದಲ್ಲಿ. "ಸಾರ್ ಉಪ್ಪಿನಕಾಯಿ ಜಾಸ್ತಿ ತಿಂದ್ರಂತೆ."

ಹೆಂಡತಿ ಅಡುಗೆಮನೆಗೆ ಹೋದಳು. ಜಾಡಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ವಾಪಸು ಬಂದವಳ ಮುಖ ಕೆಂಪಾಗಿತ್ತು.

"ಕಸ್ತೂರಿ ಅಂತ ಒಬ್ಬಳಿದ್ದಿದ್ರೂ ಸಹಿಸ್ಕೋತಿದ್ನೇನೋ. ಇಡೀ ಜಾಡಿನಾ? ನನ್ನ ತಲೆ ಕಾದು ಕೆಂಡ ಆಗಿದೆ. ಇದು ತಂಪು ಅಲ್ವಾ, ಕೊಡಿ ಇಲ್ಲಿ!"

ಲೋಟ ಎತ್ತಿ ಒಂದು ಬೀಜವೂ ಉಳಿಯದಂತೆ ಕುಡಿದಳು. ಟೈಲರು ಉರಿಯುವ ಬಾಯಿ ಮುಚ್ಚಿಕೊಂಡು ಖಾಲಿ ಲೋಟ ತೊಳೆಯಲು ಹೋದರು.